ಸೇತುವೆಯ ಮೇಲಿನ ಸಂತರು

ಮನುಷ್ಯನು ಕಟ್ಟಿದ ಕಟ್ಟಡಗಳಲ್ಲಿ ಸೇತುವೆಗೆ ಒಂದು ವಿಶೇಷವಾದ ಸ್ಥಾನವುಂಟು. ಅರಮನೆ ಅರಸನದು, ಕೋಟೆ ಸೈನಿಕರದು, ಗುಡಿಯೋ ಇಗರ್ಜಿಯೋ ಅಲ್ಲಿ ಪೂಜಿಸುವವರದು. ಸೇತುವೆಯಾದರೋ ಹೊಳೆಯನ್ನು ದಾಟುವವರೆಲ್ಲರದು. ತರಕಾರಿಯ ಬುಟ್ಟಿ ಹೊತ್ತ ಹೆಂಗಸೂ ಪಲ್ಲಕ್ಕಿಯಲ್ಲಿ ಕುಳಿತ ಶ್ರೀಮಂತನೂ ಒಂದೇ ಕಲ್ಲುಹಾಸಿನ ಮೇಲೆ ಸಾಗುತ್ತಾರೆ. ಹೀಗೆ ಎಲ್ಲರಿಗೂ ಸೇರಿದ ಒಂದು ಸೇತುವೆಯ ಮೇಲೆ, ಯಾವುದೋ ಒಂದು ಕಾಲದಲ್ಲಿ ಅಧಿಕಾರದಲ್ಲಿದ್ದವರು ತಮ್ಮ ಮತದ ಸಂತರ ಪ್ರತಿಮೆಗಳನ್ನು ಸಾಲಾಗಿ ನಿಲ್ಲಿಸಿದರೆಂದು ಭಾವಿಸೋಣ. ಕಾಲ ಉರುಳಿತು. ಅಧಿಕಾರ ಅಳಿಯಿತು. ಮತದ ಬಿಗಿಯೂ ಸಡಿಲವಾಯಿತು. ಉಳಿದುವು ಕಲ್ಲಿನ ಪ್ರತಿಮೆಗಳು ಮಾತ್ರ. ಅವೂ ಮಳೆ, ಹಿಮ, ಹೊಗೆಗಳಿಗೆ ಸಿಕ್ಕಿ ದಿನೇ ದಿನೇ ಸವೆಯತೊಡಗಿದುವು. ಆಗ ಮುಂದಿನ ತಲೆಮಾರಿನವರು ಅವುಗಳನ್ನು ಏನು ಮಾಡಬೇಕು? ಇದ್ದಂತೆಯೇ ಸವೆಯಲು ಬಿಡಬೇಕೆ? ತೆಗೆದು ಒಳಗಿಡಬೇಕೆ? ಕೆಡವಿಹಾಕಬೇಕೆ? ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ಮಧ್ಯ ಯೂರೋಪಿನ ಪ್ರಾಗ್ ನಗರದ ಜನ ಈ ಪ್ರಶ್ನೆಯನ್ನು ನಿಜವಾಗಿಯೂ ಎದುರಿಸಿದ್ದಾರೆ, ಇಂದಿಗೂ ಎದುರಿಸುತ್ತಿದ್ದಾರೆ.

ಪ್ರಾಗ್ ನಗರವು ಈಗಿನ ಚೆಕ್ ಗಣರಾಜ್ಯದ ರಾಜಧಾನಿ. ನಗರದ ನಡುವೆ ವ್ಲತಾವಾ ನದಿ ಹರಿಯುತ್ತದೆ. ನದಿಯ ಒಂದು ದಡದಲ್ಲಿ ವ್ಯಾಪಾರಿಗಳ ಹಳೆಯ ಪಟ್ಟಣ. ಇನ್ನೊಂದು ದಡದ ಗುಡ್ಡದ ಮೇಲೆ ಅರಸರ ಕೋಟೆ. ಇವೆರಡನ್ನೂ ಕೂಡಿಸುವುದೇ ಚಾರ್ಲ್ಸ್ ಸೇತುವೆ. ಇದಕ್ಕೂ ಮೊದಲು ಇಲ್ಲಿ ಹನ್ನೆರಡನೆಯ ಶತಮಾನದ ಕಲ್ಲಿನ ಸೇತುವೆಯೊಂದಿತ್ತು. 1342ರ ಪ್ರವಾಹ ಅದನ್ನು ಒಡೆದುಹಾಕಿತು. 1357ರಲ್ಲಿ ಬೊಹೀಮಿಯಾದ ಅರಸನೂ ಪವಿತ್ರ ರೋಮನ್ ಸಾಮ್ರಾಟನೂ ಆಗಿದ್ದ ನಾಲ್ಕನೆಯ ಚಾರ್ಲ್ಸನು ಹೊಸ ಸೇತುವೆಗೆ ಅಸ್ತಿಭಾರವನ್ನು ಹಾಕಿಸಿದನು. ಹದಿನಾರು ಕಮಾನುಗಳ ಮೇಲೆ ನಿಂತಿರುವ ಈ ಮರಳುಗಲ್ಲಿನ ಸೇತುವೆಯ ಉದ್ದ ಸುಮಾರು 516 ಮೀಟರು; ಅಗಲ ಹತ್ತು ಮೀಟರಿಗೆ ತುಸು ಕಡಿಮೆ. ಗಾರೆ ಗಟ್ಟಿಯಾಗಲೆಂದು ನಾಡಿನ ಹಳ್ಳಿಹಳ್ಳಿಗಳಿಂದ ಮೊಟ್ಟೆಗಳನ್ನು ತರಿಸಿ ಬೆರೆಸಿದರೆಂಬ ಕಥೆ ಜನರ ಬಾಯಲ್ಲಿ ಇಂದಿಗೂ ಇದೆ. ಶತಮಾನಗಳ ಕಾಲ ಜನ ಇದನ್ನು ‘ಕಲ್ಲಿನ ಸೇತುವೆ’ ಎಂದೇ ಕರೆಯುತ್ತಿದ್ದರು. ಚಾರ್ಲ್ಸನ ಹೆಸರು ಇದಕ್ಕೆ ಬಂದುದು 1870ರಲ್ಲಿ.

ಚಾರ್ಲ್ಸನು ಕಟ್ಟಿಸಿದ ಸೇತುವೆಯ ಮೇಲೆ ಇಂದಿನಂತೆ ಸಂತರ ಸಾಲು ಇರಲಿಲ್ಲ. ಮಧ್ಯಯುಗದಲ್ಲಿ ಅಲ್ಲಿದ್ದ ಮುಖ್ಯವಾದ ಧಾರ್ಮಿಕ ಚಿಹ್ನೆಯೆಂದರೆ ಒಂದು ಶಿಲುಬೆ. ಇಂದು ಸೇತುವೆಯ ಎರಡೂ ಕಡೆಯ ಕಟಕಟೆಗಳ ಮೇಲೆ ಮೂವತ್ತು ಪ್ರತಿಮೆಗಳೂ ಪ್ರತಿಮಾಸಮೂಹಗಳೂ ಇವೆ. ಅವುಗಳಲ್ಲಿ ಬಹುಪಾಲು ಮೊದಲು ನಿಂತುದು 1683ರಿಂದ 1714ರವರೆಗಿನ ಮೂವತ್ತೊಂದು ವರ್ಷಗಳಲ್ಲಿ. ಅಷ್ಟು ಅಲ್ಪಾವಧಿಯಲ್ಲಿ ಇಷ್ಟು ಪ್ರತಿಮೆಗಳು ಏಕೆ ಎದ್ದುವು? ಅದನ್ನು ತಿಳಿಯಬೇಕಾದರೆ ಆ ನಾಡಿನ ಇತಿಹಾಸವನ್ನು ಸ್ವಲ್ಪ ಹಿಂದಿರುಗಿ ನೋಡಬೇಕು.

ಬೊಹೀಮಿಯಾದಲ್ಲಿ ಚರ್ಚಿನ ಸುಧಾರಣೆಗಾಗಿ ದನಿಯೆತ್ತಿದ ಯಾನ್ ಹುಸ್ ಎಂಬ ಬೋಧಕನನ್ನು 1415ರಲ್ಲಿ ಜೀವಂತವಾಗಿ ಸುಡಲಾಯಿತು. ಆದರೂ ಅವನ ವಿಚಾರಗಳು ಸಾಯಲಿಲ್ಲ. ಮುಂದಿನ ಇನ್ನೂರು ವರ್ಷಗಳಲ್ಲಿ ಆ ನಾಡಿನ ಬಹುಜನ ರೋಮಿನ ಚರ್ಚಿನಿಂದ ದೂರ ಸರಿದರು. 1620ರಲ್ಲಿ ಪ್ರಾಗಿನ ಹೊರವಲಯದ ಬಿಳಿಬೆಟ್ಟದ ಕದನದಲ್ಲಿ ಹ್ಯಾಬ್ಸ್‌ಬರ್ಗ್ ವಂಶದ ಕ್ಯಾಥೊಲಿಕ್ ಚಕ್ರವರ್ತಿಯ ಸೇನೆ ಬಂಡೆದ್ದ ಬೊಹೀಮಿಯನ್ನರನ್ನು ಸೋಲಿಸಿತು. ಮರುವರ್ಷ ಬಂಡಾಯದ ಇಪ್ಪತ್ತೇಳು ಮಂದಿ ಮುಖಂಡರನ್ನು ಹಳೆಯ ಪಟ್ಟಣದ ಚೌಕದಲ್ಲಿ ಕೊಲ್ಲಿಸಲಾಯಿತು. ಅವರಲ್ಲಿ ಹನ್ನೆರಡು ಮಂದಿಯ ತಲೆಗಳನ್ನು ಕಬ್ಬಿಣದ ಬುಟ್ಟಿಗಳಲ್ಲಿಟ್ಟು ಇದೇ ಸೇತುವೆಯ ಗೋಪುರಕ್ಕೆ ತೂಗುಹಾಕಿದರು. ಹತ್ತು ವರ್ಷಗಳ ಕಾಲ ಸೇತುವೆ ದಾಟುವವರು ಅವುಗಳ ಕೆಳಗೇ ನಡೆದುಹೋಗಬೇಕಾಯಿತು. ಅನಂತರ ಬೊಹೀಮಿಯಾದಲ್ಲಿ ಕ್ಯಾಥೊಲಿಕ್ ಮತವೊಂದೇ ಅಧಿಕೃತ ಮತವಾಯಿತು. ಒಪ್ಪದವರು ದೇಶವನ್ನೇ ಬಿಟ್ಟುಹೋದರು. ಭಯದಿಂದ ತಲೆಬಾಗಿಸಿದ ಜನರ ಮನಸ್ಸನ್ನು ಭಕ್ತಿಯಿಂದ ಗೆಲ್ಲಬೇಕಾದ ಕಾರ್ಯ ಇನ್ನೂ ಉಳಿದಿತ್ತು. ಆ ಕಾರ್ಯಕ್ಕೆ ನೆರವಾದ ಕಲೆಯೇ ಬರೋಕ್ ಕಲೆ.

ಬರೋಕ್ ಎಂಬುದು ಹದಿನೇಳನೆಯ ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಯೂರೋಪಿನಲ್ಲಿ ಹಬ್ಬಿದ ಕಲಾಶೈಲಿ. ಶಾಂತವಾಗಿ, ನೇರವಾಗಿ ನಿಂತಿರುವ ಮೂರ್ತಿ ಈ ಶೈಲಿಯ ಶಿಲ್ಪಿಗೆ ಸಾಲದು. ಅವನ ಸಂತನು ಕೈ ಚಾಚುತ್ತಾನೆ, ಆಕಾಶದತ್ತ ಮುಖವೆತ್ತುತ್ತಾನೆ, ಕಣ್ಣೀರಿಡುತ್ತಾನೆ. ಅವನ ನಿಲುವಂಗಿಯ ನೆರಿಗೆಗಳು ಬಿರುಗಾಳಿಗೆ ಸಿಕ್ಕಿದಂತೆ ಹಾರಾಡುತ್ತವೆ. ನೋಡುವವನ ಬುದ್ಧಿಯೊಡನೆ ವಾದಿಸುವುದಕ್ಕಿಂತ ಹೃದಯವನ್ನು ಕಲಕುವುದೇ ಈ ಕಲೆಯ ಗುರಿ. ಓದುಬರಹ ಅರಿಯದ ದಾರಿಹೋಕನಿಗೂ ಇದರ ಮಾತು ತಿಳಿಯುತ್ತಿತ್ತು. ಜೆಸುಯಿಟರೇ ಮೊದಲಾದ ಧಾರ್ಮಿಕ ಸಂಘಗಳೂ ವಿಶ್ವವಿದ್ಯಾಲಯವೂ ಸಿರಿವಂತ ಮನೆತನಗಳೂ ಪೈಪೋಟಿಯಿಂದ ಸೇತುವೆಯ ಮೇಲೆ ತಮ್ಮ ತಮ್ಮ ಸಂತರನ್ನು ನಿಲ್ಲಿಸಿದುದರ ಮರ್ಮ ಇದೇ. ನಗರದಲ್ಲಿ ಎಲ್ಲರೂ ಹಾದುಹೋಗಲೇಬೇಕಾದ ದಾರಿ ಅದು. ಇಗರ್ಜಿಗೆ ಬಾರದವನೂ ಸೇತುವೆಯ ಮೇಲೆ ಬರುತ್ತಿದ್ದನು.

ಈ ಸಾಲಿನಲ್ಲಿ ಮೊದಲು ನಿಂತುದು ನೆಪೊಮುಕ್‌ನ ಸಂತ ಜಾನನ ಕಂಚಿನ ಪ್ರತಿಮೆ. ಜಾನನು ಪ್ರಾಗಿನ ಆರ್ಚ್‌ಬಿಷಪರ ಆಡಳಿತಾಧಿಕಾರಿಯಾಗಿದ್ದವನು. ಅರಸನಾದ ನಾಲ್ಕನೆಯ ವೆನ್ಸೆಸ್‌ಲಾಸನಿಗೂ ಆರ್ಚ್‌ಬಿಷಪರಿಗೂ ಮಠವೊಂದರ ಅಧಿಪತಿಯ ನೇಮಕದ ವಿಷಯದಲ್ಲಿ ಕಲಹ ಹುಟ್ಟಿತು. ಅರಸನ ಕೋಪಕ್ಕೆ ಗುರಿಯಾದ ಜಾನನನ್ನು 1393ರಲ್ಲಿ ಚಿತ್ರಹಿಂಸೆಗೆ ಒಳಪಡಿಸಿ, ಇದೇ ಸೇತುವೆಯ ಮೇಲಿಂದ ನದಿಗೆ ಎಸೆದರು. ಕಾಲಾಂತರದಲ್ಲಿ ಇದರ ಸುತ್ತ ಇನ್ನೊಂದು ಕಥೆ ಬೆಳೆಯಿತು: ರಾಣಿಯು ಪಾಪನಿವೇದನೆಯಲ್ಲಿ ಹೇಳಿದ ಮಾತುಗಳನ್ನು ತಿಳಿಸೆಂದು ಅರಸನು ಒತ್ತಾಯಿಸಿದನಂತೆ, ಗುಟ್ಟನ್ನು ಬಿಟ್ಟುಕೊಡದೆ ಜಾನನು ಪ್ರಾಣವನ್ನೇ ಕೊಟ್ಟನಂತೆ. ಅವನು ಮುಳುಗಿದೆಡೆ ನೀರಿನ ಮೇಲೆ ಐದು ನಕ್ಷತ್ರಗಳು ಮಿನುಗಿದುವಂತೆ. ನ್ಯೂರೆಂಬರ್ಗ್ ನಗರದಲ್ಲಿ ಎರಕ ಹೊಯ್ದ ಅವನ ಪ್ರತಿಮೆಯನ್ನು 1683ರಲ್ಲಿ ಸೇತುವೆಗೆ ತಂದರು. ಚರ್ಚು ಅವನನ್ನು ಸಂತನೆಂದು ಘೋಷಿಸಿದುದು 1729ರಲ್ಲಿ. ಅಂದರೆ ಪ್ರತಿಮೆ ನಿಂತ ನಲವತ್ತಾರು ವರ್ಷಗಳ ಮೇಲೆ! ಜನರ ನಂಬಿಕೆಯೂ ಶಿಲ್ಪಿಯ ಕೈಯೂ ಚರ್ಚಿನ ನಿರ್ಣಯಕ್ಕಿಂತ ಮುಂದಾಗಿದ್ದುವು. ಈ ಪ್ರತಿಮೆಯನ್ನು ನೋಡಿ ಮಧ್ಯ ಯೂರೋಪಿನ ಊರೂರುಗಳ ಸೇತುವೆಗಳ ಮೇಲೆ ಜಾನನ ಪ್ರತಿಮೆಗಳು ಎದ್ದುವು. ನೀರಿನಲ್ಲಿ ಮುಳುಗಿ ಸತ್ತವನು ಸೇತುವೆಗಳ ರಕ್ಷಕನೂ ಪ್ರವಾಹದಿಂದ ಕಾಯುವವನೂ ಆದನು.

ಕಲಾದೃಷ್ಟಿಯಿಂದ ಈ ಸಾಲಿನ ಶ್ರೇಷ್ಠ ಕೃತಿಗಳನ್ನು ಮಾಡಿದವರು ಇಬ್ಬರು ತರುಣರು. ಒಬ್ಬನು ಟಿರೋಲ್ ಪ್ರಾಂತದಿಂದ ಬಂದ ಮಥಿಯಾಸ್ ಬರ್ನಾರ್ಡ್ ಬ್ರೌನ್. ಇಪ್ಪತ್ತಾರು ವರ್ಷ ವಯಸ್ಸಿನಲ್ಲಿ, ಎಂದರೆ 1710ರಲ್ಲಿ, ಅವನು ಕೊರೆದ ಸಂತ ಲುಟ್ಗಾರ್ಡಾಳ ಶಿಲ್ಪವನ್ನು ಸೇತುವೆಯ ಅತ್ಯುತ್ತಮ ಕೃತಿಯೆಂದು ಅನೇಕರು ಭಾವಿಸುತ್ತಾರೆ. ಕುರುಡಿಯಾದ ಸಂನ್ಯಾಸಿನಿಯೊಬ್ಬಳು ಶಿಲುಬೆಯ ಬುಡದಲ್ಲಿ ಮೊಣಕಾಲೂರಿದ್ದಾಳೆ. ಶಿಲುಬೆಯ ಮೇಲಿನ ಕ್ರಿಸ್ತನು ಕೆಳಕ್ಕೆ ಬಾಗಿ ಅವಳನ್ನು ತನ್ನತ್ತ ಬರಸೆಳೆಯುತ್ತಿದ್ದಾನೆ. ಕಲ್ಲು ಕರಗಿ ಕರುಣೆಯಾಗಿದೆ. ಇನ್ನೊಬ್ಬನು ಫರ್ಡಿನಂಡ್ ಮ್ಯಾಕ್ಸಿಮಿಲಿಯನ್ ಬ್ರೋಕಾಫ್. ಇವನ ತಂದೆ ಯಾನ್ ಬ್ರೋಕಾಫನೇ ನೆಪೊಮುಕ್‌ನ ಜಾನನ ಪ್ರತಿಮೆಗೆ ಮಾದರಿಯನ್ನು ಕೆತ್ತಿದವನು. ಮಗನು 1711ರಲ್ಲಿ ಮಾಡಿದ ಸಂತ ಫ್ರಾನ್ಸಿಸ್ ಝೇವಿಯರನ ಶಿಲ್ಪಸಮೂಹವಂತೂ ನಮ್ಮ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಏಕೆಂದರೆ ಝೇವಿಯರನು 1542ರಲ್ಲಿ ನಮ್ಮ ನೆರೆಯ ಗೋವೆಗೆ ಬಂದವನು; ಅವನ ಪಾರ್ಥಿವ ಶರೀರ ಇಂದಿಗೂ ಅಲ್ಲಿಯ ಬೊಮ್ ಜೀಸಸ್ ಬೆಸಿಲಿಕದಲ್ಲಿದೆ. ಪ್ರಾಗಿನ ಶಿಲ್ಪದಲ್ಲಿ ಅವನನ್ನು ಪೂರ್ವದೇಶಗಳ ಜನ ತಮ್ಮ ಹೆಗಲ ಮೇಲೆ ಹೊತ್ತಿದ್ದಾರೆ. ಅವನ ಮುಂದೆ ರಾಜಕುಮಾರನೊಬ್ಬನು ಜ್ಞಾನಸ್ನಾನಕ್ಕಾಗಿ ಮಂಡಿಯೂರಿದ್ದಾನೆ. ಯೂರೋಪಿನ ನಡುವಿನ ಒಂದು ನಗರ ಪೂರ್ವದೇಶದವರನ್ನು ಅಂದು ಹೇಗೆ ಕಲ್ಪಿಸಿಕೊಂಡಿತೆಂಬುದು ಈ ಕಲ್ಲಿನಲ್ಲಿ ದಾಖಲಾಗಿದೆ. ಆ ಕಲ್ಪನೆ ನಮಗೆ ಪೂರ್ತಿಯಾಗಿ ಒಪ್ಪಿಗೆಯಾಗಬೇಕಿಲ್ಲ. ದಾಖಲೆಯೆಂಬ ಕಾರಣದಿಂದಲೇ ಅದಕ್ಕೆ ಬೆಲೆಯಿದೆ.

ಹೀಗೆ ನಿಂತ ಪ್ರತಿಮೆಗಳ ಬಾಳು ಸುಗಮವಾಗಿರಲಿಲ್ಲ. 1890ರ ಸೆಪ್ಟೆಂಬರಿನಲ್ಲಿ ವ್ಲತಾವಾ ನದಿ ಉಕ್ಕಿ ಹರಿಯಿತು. ಮೇಲಿನಿಂದ ತೇಲಿಬಂದ ಮರದ ದಿಮ್ಮಿಗಳು ಕಮಾನುಗಳಿಗೆ ಅಡ್ಡವಾಗಿ ಸಿಕ್ಕಿಕೊಂಡು ಅಣೆಕಟ್ಟಿನಂತಾದುವು. ನೀರಿನ ಒತ್ತಡಕ್ಕೆ ಮೂರು ಕಮಾನುಗಳು ಕುಸಿದುಬಿದ್ದುವು. ಅವುಗಳೊಡನೆ ಝೇವಿಯರನ ಶಿಲ್ಪವೂ ಅದರ ಎದುರಿಗಿದ್ದ ಸಂತ ಇಗ್ನೇಷಿಯಸನ ಶಿಲ್ಪವೂ ನದಿಯ ಪಾಲಾದುವು. ಝೇವಿಯರನ ಶಿಲ್ಪದ ಪ್ರತಿಯನ್ನು ಮಾಡಿಸಿ 1913ರಲ್ಲಿ ಮೊದಲಿದ್ದ ಸ್ಥಳದಲ್ಲಿಯೇ ಇಟ್ಟರು. ಇಗ್ನೇಷಿಯಸನು ಮಾತ್ರ ಮರಳಿ ಬರಲಿಲ್ಲ. ಅವನ ಜಾಗದಲ್ಲಿ 1938ರಲ್ಲಿ ಸ್ಲಾವ್ ಜನರಿಗೆ ಕ್ರೈಸ್ತಧರ್ಮವನ್ನು ಬೋಧಿಸಿದ ಸಿರಿಲ್ ಮತ್ತು ಮೆಥೋಡಿಯಸರು ನಿಂತರು. ಅಧಿಕಾರ ಬದಲಾದಾಗ ಸಂತರೂ ಬದಲಾಗುವರೆಂಬುದಕ್ಕೆ ಇದೊಂದು ನಿದರ್ಶನ.

ಪ್ರವಾಹಕ್ಕಿಂತಲೂ ಮೆಲ್ಲಗೆ, ಆದರೆ ಎಡೆಬಿಡದೆ, ಕೆಲಸ ಮಾಡಿದ ಶತ್ರುಗಳು ಬೇರೆ ಇವೆ. ಮರಳುಗಲ್ಲು ಕೆತ್ತುವುದಕ್ಕೆ ಸುಲಭ. ಸವೆಯುವುದೂ ಅಷ್ಟೇ ಸುಲಭ. ಅದರ ಕಣಗಳ ನಡುವಿನ ಸಣ್ಣ ರಂಧ್ರಗಳಲ್ಲಿ ಮಳೆಯ ನೀರು ಇಂಗುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲು ಒಳಗಿನಿಂದಲೇ ಬಿರಿಯುತ್ತದೆ. ಇದಕ್ಕೆ ಕಲ್ಲಿದ್ದಲಿನ ಹೊಗೆಯ ಕಾಟವೂ ಸೇರಿತು. ಹೊಗೆಯಲ್ಲಿರುವ ಗಂಧಕದ ಅನಿಲ ತೇವದೊಡನೆ ಬೆರೆತು ಆಮ್ಲವಾಗುತ್ತದೆ. ಕಲ್ಲಿನಲ್ಲಿರುವ ಸುಣ್ಣದ ಅಂಶವನ್ನು ಅದು ಜಿಪ್ಸಮ್ಮಾಗಿ ಮಾರ್ಪಡಿಸುತ್ತದೆ. ಮೇಲೆ ಕಪ್ಪಾದ ಹೊರಪದರವೊಂದು ಕಟ್ಟಿಕೊಂಡು, ಅದು ಕಳಚಿ ಬೀಳುವಾಗ ಶಿಲ್ಪಿಯ ಉಳಿ ಮುಟ್ಟಿದ ಮೇಲ್ಮೈಯನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಮೂಗು, ಬೆರಳು, ಕಣ್ಣೆವೆ ಮುಂತಾದ ಸೂಕ್ಷ್ಮ ಭಾಗಗಳೇ ಮೊದಲು ಹೋಗುತ್ತವೆ. 1883ರಿಂದ ಸೇತುವೆಯ ಮೇಲೆ ಕುದುರೆಗಳೆಳೆಯುವ ಟ್ರಾಮು, 1905ರಿಂದ ಕೆಲವು ಕಾಲ ವಿದ್ಯುತ್ ಟ್ರಾಮು, ಅನಂತರ ಮೋಟಾರು ವಾಹನಗಳು ಓಡಾಡಿದುವು. 1965ರಲ್ಲಿ ವಾಹನಗಳನ್ನು ನಿಲ್ಲಿಸಿ, ಸೇತುವೆಯನ್ನು ಕಾಲ್ನಡಿಗೆಯವರಿಗೆ ಮೀಸಲಾಗಿಟ್ಟು ದೊಡ್ಡ ಪ್ರಮಾಣದ ದುರಸ್ತಿಯನ್ನು ಆರಂಭಿಸಿದರು. ಆಮೇಲಿನ ದಶಕಗಳಲ್ಲಿ ತೀರ ಹಾಳಾಗುತ್ತಿದ್ದ ಶಿಲ್ಪಗಳನ್ನು ಒಂದೊಂದಾಗಿ ಇಳಿಸಿ, ಆಶ್ರಯವಿರುವ ಕಟ್ಟಡಗಳಲ್ಲಿಟ್ಟು, ಸೇತುವೆಯ ಮೇಲೆ ಅವುಗಳ ಪ್ರತಿಗಳನ್ನು ನಿಲ್ಲಿಸುತ್ತ ಬಂದರು. ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಿಲಾಶಾಲೆಯಲ್ಲಿ ಇಂತಹ ಹಲವು ಮೂಲಶಿಲ್ಪಗಳನ್ನು ನೋಡಬಹುದು. ಬ್ರೌನನ ಲುಟ್ಗಾರ್ಡಾಳೂ ಇಂದು ಸೇತುವೆಯ ಮೇಲೆ ಪ್ರತಿಯ ರೂಪದಲ್ಲಿಯೇ ನಿಂತಿದ್ದಾಳೆ.

ಇಲ್ಲಿಂದ ಭಿನ್ನಾಭಿಪ್ರಾಯಗಳು ಆರಂಭವಾಗುತ್ತವೆ. ಮೊದಲನೆಯ ವಾದ ಇದು: ಪ್ರತಿಯೆಂಬುದು ಸುಳ್ಳು. ದೂರದೇಶಗಳಿಂದ ಬಂದ ಯಾತ್ರಿಕನು ಬ್ರೌನನ ಕೃತಿಯೆಂದು ಭಾವಿಸಿ ಇಂದಿನ ಕೆಲಸಗಾರನೊಬ್ಬನ ಕೃತಿಯ ಮುಂದೆ ಬೆರಗಾಗಿ ನಿಲ್ಲುತ್ತಾನೆ. ಕಲ್ಲಿಗೂ ಮನುಷ್ಯನಂತೆ ಹುಟ್ಟು, ಮುಪ್ಪು, ಸಾವುಗಳಿವೆ. ಮೂಲಶಿಲ್ಪ ತನ್ನ ಸ್ಥಳದಲ್ಲಿಯೇ ಸವೆದು ಮರಳಾಗಲಿ. ಹಾಗೆ ಸವೆಯುವುದರಲ್ಲಿಯೂ ಒಂದು ಘನತೆಯಿದೆ. ಈ ವಾದದಲ್ಲಿ ಕವಿಹೃದಯ ಕಾಣುತ್ತದೆ, ನಿಜ. ಆದರೆ ಇದನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಕಲ್ಲು ತಾನಾಗಿ ಮುಪ್ಪಾಗುವುದು ಒಂದು. ನಾವು ಉರಿಸಿದ ಕಲ್ಲಿದ್ದಲಿನ ಹೊಗೆಗೆ ಅದು ಬಲಿಯಾಗುವುದು ಇನ್ನೊಂದು. ಕಾಯಿಲೆಯನ್ನು ನಾವೇ ಅಂಟಿಸಿ, ಚಿಕಿತ್ಸೆಯ ಹೊತ್ತು ಬಂದಾಗ ‘ಸಾವು ಸಹಜ’ ಎಂದು ಕೈಕಟ್ಟಿ ಕುಳಿತರೆ ಅದನ್ನು ವೈರಾಗ್ಯವೆನ್ನಲಾಗದು. ಸವೆದುಹೋದ ಮುಖವನ್ನು ಮರಳಿ ಪಡೆಯುವ ಉಪಾಯ ಯಾವುದೂ ಇಲ್ಲ. ಒಳಗಿಟ್ಟ ಮೂಲವನ್ನಾದರೋ ಮುಂದಿನವರು ಬೇಕೆಂದರೆ ಹೊರಗೆ ತರಬಹುದು. ತಪ್ಪನ್ನು ತಿದ್ದಿಕೊಳ್ಳುವ ಅವಕಾಶವನ್ನು ಉಳಿಸುವ ದಾರಿಯೇ ವಿವೇಕದ ದಾರಿ.

ಇನ್ನು, ಪ್ರತಿ ಮಾಡುವುದು ಬರೋಕ್ ಕಾಲದ ಕಲಾವಿದರಿಗೇ ಅಪರಿಚಿತವಾಗಿರಲಿಲ್ಲ. ರೋಮ್ ನಗರದಲ್ಲಿ ಟೈಬರ್ ನದಿಯ ಮೇಲೆ ಸಂತ ಆಂಜೆಲೊ ಸೇತುವೆಯಿದೆ. ಪ್ರಾಗಿನ ಸೇತುವೆಗೆ ಮೇಲ್ಪಂಕ್ತಿಯಾದುದು ಅದೇ. ಪೋಪ್ ಒಂಬತ್ತನೆಯ ಕ್ಲೆಮೆಂಟರ ಅಪ್ಪಣೆಯಂತೆ ಮಹಾಶಿಲ್ಪಿ ಬರ್ನಿನಿ ಅದಕ್ಕಾಗಿ ಹತ್ತು ದೇವದೂತರ ಯೋಜನೆಯನ್ನು ಮಾಡಿದನು. ಅವುಗಳಲ್ಲಿ ಎರಡನ್ನು ತನ್ನ ಕೈಯಿಂದಲೇ ಕೆತ್ತಿದನು. ಆ ಎರಡೂ ಮೂರ್ತಿಗಳು ಗಾಳಿಮಳೆಗೆ ಒಡ್ಡಲಾಗದಷ್ಟು ಸುಂದರವೆಂದು ಭಾವಿಸಿ, ಅವುಗಳನ್ನು ಒಳಗಿರಿಸಿಕೊಂಡು, ಸೇತುವೆಯ ಮೇಲೆ ಬೇರೆ ಪ್ರತಿಗಳನ್ನು ನಿಲ್ಲಿಸಿದರು. ಮೂಲಮೂರ್ತಿಗಳು ಇಂದು ರೋಮಿನ ಸಂತ ಆಂಡ್ರೂ ಇಗರ್ಜಿಯೊಂದರಲ್ಲಿವೆ. ಮೂರೂವರೆ ಶತಮಾನಗಳ ಹಿಂದೆಯೇ ಬರ್ನಿನಿಯ ಕಾಲದವರು ಒಪ್ಪಿದ ಏರ್ಪಾಡನ್ನು ನಾವು ಸುಳ್ಳೆಂದು ಜರೆಯುವುದು ಸರಿಯೇ? ಪ್ರತಿಯು ಸುಳ್ಳಾಗುವುದು ಅದನ್ನು ಮೂಲವೆಂದು ಹೇಳಿದಾಗ ಮಾತ್ರ. ‘ಇದು ಪ್ರತಿ, ಮೂಲ ಇಂತಹ ಕಡೆ ಇದೆ’ ಎಂದು ಪ್ರತಿಯೊಂದು ಶಿಲ್ಪದ ಬಳಿಯಲ್ಲಿಯೂ ಸ್ಪಷ್ಟವಾಗಿ ಬರೆದಿಡಬೇಕು. ಹಾಗೆ ಬರೆದ ಒಂದು ಫಲಕದಿಂದ ಯಾತ್ರಿಕನ ಸಂತೋಷಕ್ಕೆ ಕುಂದುಂಟಾಗುವುದಾದರೆ, ಆ ಸಂತೋಷ ಅಜ್ಞಾನದ ಸಂತೋಷವಾಗಿತ್ತೆಂದೇ ತಿಳಿಯಬೇಕು.

ಎರಡನೆಯ ವಾದ ಇದಕ್ಕೆ ವಿರುದ್ಧವಾದುದು. ಮೂಲಗಳನ್ನು ಒಳಗಿಟ್ಟ ಮೇಲೆ ಪ್ರತಿಗಳ ಗೊಡವೆ ಏಕೆ? ಚಾರ್ಲ್ಸನು ಕಟ್ಟಿಸಿದಂತೆಯೇ ಸೇತುವೆ ಬರಿದಾಗಿರಲಿ. ಶಿಲ್ಪಗಳನ್ನು ನೋಡಬಯಸುವವರು ವಸ್ತುಸಂಗ್ರಹಾಲಯಕ್ಕೆ ಹೋಗಲಿ ಎಂದು ಹೇಳುವವರುಂಟು. ಕೇಳುವುದಕ್ಕೆ ಇದು ಅಚ್ಚುಕಟ್ಟಾದ ಮಾತು. ಆದರೆ ಈ ಶಿಲ್ಪಗಳು ಹುಟ್ಟಿದುದೇ ಬಯಲಿಗಾಗಿ, ನಡೆಯುವವರಿಗಾಗಿ. ಕೆಳಗಿನಿಂದ ತಲೆಯೆತ್ತಿ ನೋಡುವವನ ಕಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಶಿಲ್ಪಿ ಮೈಮುಖಗಳ ಅಳತೆಯನ್ನು ನಿರ್ಧರಿಸಿದನು. ಬಾಗಿದ ಕ್ರಿಸ್ತನ ಹಿಂದೆ ಗೋಡೆಯಿಲ್ಲ, ಆಕಾಶವಿದೆ. ಮುಂಜಾನೆಯ ಮಂಜಿನಲ್ಲಿ ಒಂದು, ಸಂಜೆಯ ಬಿಸಿಲಿನಲ್ಲಿ ಇನ್ನೊಂದು ಎಂಬಂತೆ ಅವನ ಮುಖಭಾವ ಮಾರ್ಪಡುತ್ತದೆ. ಒಂದು ಶಿಲ್ಪವನ್ನು ದಾಟಿ ಮುಂದಕ್ಕೆ ನಡೆದಾಗ ಮತ್ತೊಂದು ಎದುರಾಗುತ್ತದೆ. ಹೀಗೆ ಪಟ್ಟಣದಿಂದ ಕೋಟೆಯವರೆಗೆ ಒಂದು ಮೆರವಣಿಗೆಯ ನಡುವೆ ನಡೆದಂತಾಗುತ್ತದೆ. ವಸ್ತುಸಂಗ್ರಹಾಲಯದಲ್ಲಿ ಕಲ್ಲು ಉಳಿಯುತ್ತದೆ. ಈ ಮೆರವಣಿಗೆ ಉಳಿಯುವುದಿಲ್ಲ. ಅಲ್ಲದೆ ವಸ್ತುಸಂಗ್ರಹಾಲಯಕ್ಕೆ ಹೋಗುವವರು ಬಿಡುವುಳ್ಳ ಕೆಲವರು ಮಾತ್ರ. ಸೇತುವೆಯ ಮೇಲಾದರೋ ಕೆಲಸಕ್ಕೆ ಹೋಗುವ ಕೂಲಿಗಾರನಿಗೂ ಶಾಲೆಗೆ ಹೋಗುವ ಮಗುವಿಗೂ ಬ್ರೌನನ ಕಲ್ಪನೆ ದಿನವೂ ಹಣ ಕೊಡದೆ ದೊರೆಯುತ್ತದೆ. ಆದುದರಿಂದ ಕಲ್ಲನ್ನು ಕಾಯುವುದಕ್ಕೆ ಮೂಲ ಒಳಗಿರಬೇಕು. ಕಲೆಯನ್ನು ಕಾಯುವುದಕ್ಕೆ ಪ್ರತಿ ಹೊರಗಿರಬೇಕು.

ಮೂರನೆಯ ವಾದವೇ ಎಲ್ಲಕ್ಕಿಂತ ಕಠಿಣವಾದುದು. ಈ ಪ್ರತಿಮೆಗಳು ಗೆದ್ದವರ ಪ್ರತಿಮೆಗಳು. ಸೋತವರ ತಲೆಗಳು ತೂಗಿದ ಗೋಪುರದ ಪಕ್ಕದಲ್ಲಿಯೇ ಗೆದ್ದವರ ಸಂತರು ಕೈಯೆತ್ತಿ ಹರಸುತ್ತಿದ್ದಾರೆ. ಇದನ್ನು ಸಹಿಸುವುದು ಹೇಗೆ? ಇಂತಹ ಕೋಪ ಪ್ರಾಗಿನಲ್ಲಿ ಒಮ್ಮೆ ಭುಗಿಲೆದ್ದುದುಂಟು. ಹ್ಯಾಬ್ಸ್‌ಬರ್ಗರ ಆಳ್ವಿಕೆ ಮುಗಿದು ಚೆಕೊಸ್ಲೊವಾಕಿಯ ಸ್ವತಂತ್ರವಾದ ಕೆಲವೇ ದಿನಗಳಲ್ಲಿ, 1918ರ ನವೆಂಬರ್ 3ರಂದು, ಹಳೆಯ ಪಟ್ಟಣದ ಚೌಕದಲ್ಲಿದ್ದ ಮರಿಯಮ್ಮನ ಸ್ತಂಭವನ್ನು ಜನರ ಗುಂಪೊಂದು ಹಗ್ಗ ಕಟ್ಟಿ ಉರುಳಿಸಿತು. ಅದು ಬಿಳಿಬೆಟ್ಟದ ಸೋಲಿನ ಸ್ಮಾರಕವೆಂದು ಅವರು ನಂಬಿದ್ದರು. ವಾಸ್ತವವಾಗಿ ಆ ಸ್ತಂಭ 1648ರಲ್ಲಿ ಸ್ವೀಡನ್ನಿನ ಸೇನೆಯಿಂದ ನಗರ ಉಳಿದುಕೊಂಡುದಕ್ಕೆ ಕೃತಜ್ಞತೆಯಾಗಿ ಎದ್ದುದಾಗಿತ್ತು. ಕೋಪ ಸಹಜವಾಗಿದ್ದರೂ ಅದು ಸತ್ಯವನ್ನು ವಿಚಾರಿಸಲು ತಾಳಲಿಲ್ಲ. ಒಂದು ಶತಮಾನದ ನಂತರ, ದೀರ್ಘವಾದ ವಾದವಿವಾದಗಳ ಮೇಲೆ, 2020ರಲ್ಲಿ ಅದೇ ಸ್ಥಳದಲ್ಲಿ ಸ್ತಂಭದ ಪ್ರತಿಯೊಂದನ್ನು ನಿಲ್ಲಿಸಲಾಯಿತು. ಕೆಡವುವುದು ಒಂದು ಗಳಿಗೆಯ ಕೆಲಸ. ಕೆಡವಿದ್ದನ್ನು ಕುರಿತು ಮನಸ್ಸನ್ನು ಸಮಾಧಾನಪಡಿಸಿಕೊಳ್ಳಲು ನೂರು ವರ್ಷ ಬೇಕಾಯಿತು.

ಹಾಗಾದರೆ ನೋವುಂಟುಮಾಡುವ ಶಿಲ್ಪವನ್ನು ಮೌನವಾಗಿ ಒಪ್ಪಿಕೊಳ್ಳಬೇಕೆ? ಹಾಗೇನೂ ಇಲ್ಲ. ಇದಕ್ಕೆ ಉತ್ತರವನ್ನು ಆ ಸೇತುವೆಯೇ ಒದಗಿಸಿದೆ. ಸೇತುವೆಯ ಮೇಲಿನ ಶಿಲುಬೆಯ ಸುತ್ತ ಚಿನ್ನದ ಬಣ್ಣದ ಹೀಬ್ರೂ ಅಕ್ಷರಗಳಿವೆ. 1696ರಲ್ಲಿ ಎಲಿಯಾಸ್ ಬಾಕೋಫನ್ ಎಂಬ ಯೆಹೂದಿಯ ಮೇಲೆ ಶಿಲುಬೆಯನ್ನು ನಿಂದಿಸಿದನೆಂಬ ಆರೋಪ ಬಂತು. ಅವನಿಗೆ ವಿಧಿಸಿದ ದಂಡದ ಹಣದಿಂದ ಈ ಅಕ್ಷರಗಳನ್ನು ಮಾಡಿಸಿದರು. ಆ ಮಾತುಗಳು ಯೆಹೂದಿಗಳು ತಮ್ಮ ಪ್ರಾರ್ಥನೆಯಲ್ಲಿ ದೇವರನ್ನು ಸ್ತುತಿಸುವ ಪರಮಪವಿತ್ರ ಮಾತುಗಳು. ಅವುಗಳನ್ನು ಕ್ರಿಸ್ತನ ಮೂರ್ತಿಗೆ ಕಿರೀಟದಂತೆ ತೊಡಿಸಿ, ದಿನವೂ ಆ ದಾರಿಯಲ್ಲಿ ನಡೆಯುವ ಯೆಹೂದಿಗಳಿಗೆ ಅಪಮಾನ ಮಾಡುವುದೇ ಅದರ ಉದ್ದೇಶವಾಗಿತ್ತು. ಮೂರು ಶತಮಾನಗಳ ಕಾಲ ಆ ಅಕ್ಷರಗಳು ಯಾವ ವಿವರಣೆಯೂ ಇಲ್ಲದೆ ಹೊಳೆಯುತ್ತಿದ್ದುವು. ಕಡೆಗೆ 2000ದಲ್ಲಿ ನಗರಸಭೆ ಶಿಲುಬೆಯ ಕೆಳಗೆ ಚೆಕ್, ಇಂಗ್ಲಿಷ್ ಮತ್ತು ಹೀಬ್ರೂ ಭಾಷೆಗಳಲ್ಲಿ ಕಂಚಿನ ಫಲಕಗಳನ್ನು ಹಾಕಿಸಿತು. ಆ ವಿಚಾರಣೆ ನ್ಯಾಯವಾದುದಲ್ಲವೆಂದೂ ಯೆಹೂದಿಗಳನ್ನು ಅವಮಾನಿಸುವುದಕ್ಕಾಗಿ ಈ ಬರಹವನ್ನು ಸೇರಿಸಲಾಯಿತೆಂದೂ ಅವು ತಿಳಿಸುತ್ತವೆ. ಅಕ್ಷರಗಳನ್ನು ಕಿತ್ತುಹಾಕಿದ್ದರೆ ಏನಾಗುತ್ತಿತ್ತು? ಅಪಮಾನದ ಗುರುತು ಅಳಿಯುತ್ತಿತ್ತು. ಅದರೊಡನೆ ಅಪಮಾನ ಮಾಡಿದವರ ತಪ್ಪಿನ ಸಾಕ್ಷ್ಯವೂ ಅಳಿಯುತ್ತಿತ್ತು. ಫಲಕವನ್ನು ಹಾಕಿದುದರಿಂದ, ಗೆದ್ದವರ ಹೆಮ್ಮೆಯ ಚಿಹ್ನೆಯೇ ಅವರ ಮೇಲಿನ ಸಾಕ್ಷಿಯಾಯಿತು.

ಇದೇ ನ್ಯಾಯವನ್ನು ಉಳಿದ ಶಿಲ್ಪಗಳಿಗೂ ಅನ್ವಯಿಸಬೇಕೆಂದು ನಾನು ಹೇಳುತ್ತೇನೆ. ಬ್ರೋಕಾಫನು 1714ರಲ್ಲಿ ಮಾಡಿದ ಇನ್ನೊಂದು ಶಿಲ್ಪಸಮೂಹದಲ್ಲಿ ಕ್ರೈಸ್ತ ಸೆರೆಯಾಳುಗಳು ಗುಹೆಯಂತಹ ಬಂದೀಖಾನೆಯಲ್ಲಿ ಗೋಳಾಡುತ್ತಿದ್ದಾರೆ. ಹೊರಗೆ ದಪ್ಪ ಹೊಟ್ಟೆಯ ತುರ್ಕನೊಬ್ಬನು ಕಾವಲು ನಿಂತಿದ್ದಾನೆ. ಮೇಲೆ ನಿಂತಿರುವ ಸಂತರು ಸೆರೆಯಾಳುಗಳನ್ನು ಹಣ ತೆತ್ತು ಬಿಡಿಸುವ ಸಂಘವನ್ನು ಸ್ಥಾಪಿಸಿದವರು. 1683ರಲ್ಲಿ ತುರ್ಕರು ವಿಯೆನ್ನಾ ನಗರಕ್ಕೆ ಮುತ್ತಿಗೆ ಹಾಕಿದ್ದುದು ಅಂದಿನ ಜನರಿಗೆ ಹಸಿಯಾದ ನೆನಪು. ಆ ಭಯದಿಂದಲೇ ಈ ತುರ್ಕನು ಹುಟ್ಟಿದನು. ಇಂದು ಮಕ್ಕಳು ಅವನನ್ನು ನೋಡಿ ನಗುತ್ತಾರೆ. ಆದರೆ ಒಂದು ಜನಾಂಗದವರೆಲ್ಲರೂ ಕ್ರೂರಿಗಳೆಂಬ ಭಾವನೆ ಕಲ್ಲಿನಿಂದ ಮನಸ್ಸಿಗೆ ಇಳಿಯುವುದು ಬಹು ಸುಲಭ. ಯಾವ ಭಯ ಈ ಶಿಲ್ಪವನ್ನು ಮಾಡಿಸಿತೆಂಬುದನ್ನು ತಿಳಿಸಿಕೊಟ್ಟರೆ ಶಿಲ್ಪದ ಚೆಲುವು ಉಳಿಯುತ್ತದೆ, ವಿಷ ಇಳಿಯುತ್ತದೆ. ಝೇವಿಯರನನ್ನು ಹೊತ್ತ ಪೂರ್ವದೇಶದವರ ವಿಷಯದಲ್ಲಿಯೂ ಇದೇ ಮಾತು. ಅವರನ್ನು ನೋಡಿ ನಾವು ಕೋಪಿಸಿಕೊಳ್ಳಬೇಕಾದುದಿಲ್ಲ. ನಮ್ಮನ್ನು ಕಾಣದೆಯೇ ನಮ್ಮ ಚಿತ್ರವನ್ನು ಬಿಡಿಸಿದವರ ಕಥೆಯಾಗಿ ಅದನ್ನು ಓದಬಹುದು.

ಫಲಕಗಳನ್ನು ಯಾರು ಓದುತ್ತಾರೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲಾರೆ. ನೆಪೊಮುಕ್‌ನ ಜಾನನ ಪೀಠದಲ್ಲಿರುವ ಕಂಚಿನ ಫಲಕಚಿತ್ರಗಳನ್ನು ಮುಟ್ಟಿದರೆ ಅದೃಷ್ಟ ಒಲಿಯುವುದೆಂದು ಯಾತ್ರಿಕರು ಸಾಲುಗಟ್ಟಿ ಮುಟ್ಟುತ್ತಾರೆ. ಮುಟ್ಟಿ ಮುಟ್ಟಿ ಅವುಗಳ ಕೆಲವು ಭಾಗ ಚಿನ್ನದಂತೆ ಹೊಳೆಯುತ್ತಿವೆ. ಮುಟ್ಟುವವರಲ್ಲಿ ಜಾನನು ಯಾರು, ಏಕೆ ಸತ್ತನು ಎಂದು ಕೇಳುವವರು ಕಡಿಮೆಯೇ ಇರಬಹುದು. ಆದರೆ ನೂರು ಮಂದಿಯಲ್ಲಿ ಒಬ್ಬನಾದರೂ ಕೇಳಿದಾಗ ಉತ್ತರ ಅಲ್ಲಿ ಸಿದ್ಧವಾಗಿರಬೇಕು. ಆ ಒಬ್ಬನಿಗಾಗಿಯೇ ಗ್ರಂಥಾಲಯಗಳನ್ನು ಕಟ್ಟುತ್ತೇವೆ, ಶಾಲೆಗಳನ್ನು ನಡೆಸುತ್ತೇವೆ. ಫಲಕ ಸಾಲದಿದ್ದರೆ ಆ ಊರಿನ ಶಿಕ್ಷಕರು ಮಕ್ಕಳನ್ನು ಸೇತುವೆಯ ಮೇಲೆ ಕರೆತಂದು, ಗೋಪುರದ ಕೆಳಗೆ ನಿಲ್ಲಿಸಿ, ತಲೆಗಳ ಕಥೆಯನ್ನೂ ಸಂತರ ಕಥೆಯನ್ನೂ ಒಟ್ಟಿಗೆ ಹೇಳಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅರ್ಧ ಸತ್ಯವಾಗುತ್ತದೆ.

ಪೂರ್ವಿಕರು ಬಿಟ್ಟುಹೋದುದನ್ನು ಉಳಿಸಿಕೊಳ್ಳುವುದಕ್ಕೆ ಎರಡು ಬಗೆಯ ಶ್ರಮ ಬೇಕು. ಕಲ್ಲನ್ನು ಹಿಮ, ಹೊಗೆಗಳಿಂದ ಕಾಪಾಡುವುದು ಒಂದು. ಅದರ ಕಥೆಯನ್ನು ಮರೆವು, ಮಿಥ್ಯೆಗಳಿಂದ ಕಾಪಾಡುವುದು ಇನ್ನೊಂದು. ಮೊದಲನೆಯದಕ್ಕೆ ಹಣವೂ ಕುಶಲಿಗಳೂ ಬೇಕು. ಎರಡನೆಯದಕ್ಕೆ ಬೇಕಾದುದು ಪ್ರಾಮಾಣಿಕತೆ. ಅದು ಹಣಕ್ಕಿಂತಲೂ ವಿರಳವಾದುದು. 2002ರಲ್ಲಿ ವ್ಲತಾವಾ ಮತ್ತೊಮ್ಮೆ ಭೀಕರವಾಗಿ ಉಕ್ಕಿ ಬಂದಾಗ, ಸೇತುವೆಯನ್ನು ಉಳಿಸಿಕೊಳ್ಳಲು ನಗರದ ಜನ ತೇಲಿಬರುವ ಮರಮಟ್ಟುಗಳ ಮೇಲೆ ಕಣ್ಣಿಟ್ಟು ಕಾದರು. ಸೇತುವೆ ಉಳಿಯಿತು. ಅದರ ಮೇಲಿನ ಸಂತರಲ್ಲಿ ಮೂಲದವರೂ ಇದ್ದರು, ಪ್ರತಿಗಳೂ ಇದ್ದರು. ಗೆದ್ದವರು ನಿಲ್ಲಿಸಿದವರೂ ಇದ್ದರು, ಆಮೇಲಿನವರು ನಿಲ್ಲಿಸಿದವರೂ ಇದ್ದರು. ಕಾಯುತ್ತಿದ್ದವರ ಮುಂದೆ ಅಂದು ಈ ಭೇದಗಳಾವುವೂ ಇರಲಿಲ್ಲ. ಇದ್ದುದು ತಮ್ಮ ಸೇತುವೆಯೊಂದೇ. ಎಲ್ಲವನ್ನೂ ಉಳಿಸಿ, ಎಲ್ಲದರ ಸತ್ಯವನ್ನೂ ಹೇಳುವ ನಗರವೇ ತನ್ನ ಹಿರಿಯರ ಸೊತ್ತಿಗೆ ಯೋಗ್ಯವಾದ ವಾರಸುದಾರನೆಂದು ನಾನು ನಂಬಿದ್ದೇನೆ.